ಡಾಲ್ಫಿನ್‌ಗೆ ಏನು ಮಾಡೋಣ?

ಹಳೇ ಕಾರು ಕೊಂಡವನಿಗೆ ದುಡ್ಡಿಗೆ ಬರ ಬಂದೀತು, ಸಲಹೆಗೆ ಬರುವುದಿಲ್ಲ. ಅಣ್ಣನ ಮಗ ಹಾಸನದ ಕಡೆಯ ತೋಟವೊಂದರ ಶೆಡ್ಡಿನಿಂದ 1983ರ ಡಾಲ್ಫಿನ್ ಕಾರು ತಂದು ನಿಲ್ಲಿಸಿದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅತ್ತಿಗೆಗೆ ಅದು ಕೆಂಪಾಗಬೇಕು. ಅಣ್ಣನಿಗೆ ಎ.ಸಿ. ಬೇಕು. ಹುಡುಗನ ಸ್ನೇಹಿತರಿಗೆ ಸನ್‌ರೂಫು, ಅಗಲ ಟೈರು. ಗ್ಯಾರೇಜಿನ ಮೇಸ್ತ್ರಿಯದು ಒಂದೇ ಪಟ್ಟು: "ಓಮ್ನಿ ಎಂಜಿನ್ನು, ಗೇರ್‌ಬಾಕ್ಸು ಕೂರಿಸಿಬಿಡಿ ಸಾರ್, ತಲೆನೋವೇ ಇರಲ್ಲ." ಓಮ್ನಿಯಲ್ಲೂ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಕ್ಕೇ. ಹಾಗಾಗಿ ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಡಾಲ್ಫಿನ್ ನಮ್ಮ ಬೆಂಗಳೂರಿನ ಕಾರು. ಸನ್‌ರೈಸ್ ಆಟೋ ಇಂಡಸ್ಟ್ರೀಸ್, ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರಾದ ಕಂಪನಿ, 1982ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. ಎರಡೇ ಬಾಗಿಲು, ಕೆಳಗೆ ಉಕ್ಕಿನ ಚಾಸಿ, ಮೇಲೆ ಫೈಬರ್‌ಗ್ಲಾಸ್ ಬಾಡಿ, ಮುಂದೆ 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ಇದೇ ಕಂಪನಿ ಅದಕ್ಕೂ ಮೊದಲು ಬಾದಲ್ ಅನ್ನುವ ಮೂರು ಚಕ್ರದ ಕಾರು ಮಾಡಿತ್ತು. ಅಂಬಾಸಡರ್ರು, ಪ್ರೀಮಿಯರ್ ಪದ್ಮಿನಿಗಳಿಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದ ದಿನಗಳಲ್ಲಿ ನಮ್ಮ ಊರಲ್ಲೊಬ್ಬರು ಕಾರು ಮಾಡುತ್ತೇವೆಂದು ಹೊರಟರಲ್ಲ, ಆ ಧೈರ್ಯಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಮೈಭಾರ ಕಮ್ಮಿಯಾದ್ದರಿಂದ ಮದ್ರಾಸಿನ ಹತ್ತಿರದ ಶೋಳವರಂ ರೇಸುಗಳಲ್ಲೂ ರ‍್ಯಾಲಿಗಳಲ್ಲೂ ಡಾಲ್ಫಿನ್ ಓಡಿಸಿದವರಿದ್ದರು. ಅಷ್ಟರಲ್ಲಿ 1983ರ ಡಿಸೆಂಬರ್‌ನಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂತು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ನಾಲ್ಕು ಬಾಗಿಲಿನ ಮೊಂಟಾನಾ ಕೂಡ ಕಂಪನಿಯ ಕೈಹಿಡಿಯಲಿಲ್ಲ.

ಹೀಗಿರುವಾಗ ಆ ಬಾಡಿಗೆ ಗರಗಸ ಹಾಕುವ ಮಾತು ಬಂದರೆ ನನಗೆ ಸಂಕಟವಾಗುತ್ತದೆ. ಸನ್‌ರೂಫು ಕತ್ತರಿಸಿದ ಮೇಲೆ ಮನಸ್ಸು ಬದಲಾದರೆ ಮ್ಯಾಟು, ರೆಸಿನ್ನು ಹಚ್ಚಿ ಮುಚ್ಚಬಹುದು, ನಿಜ. ಆದರೆ ಬಿಸಿಲಿಗೆ ಆ ಜೋಡಣೆ ಒಂದಲ್ಲ ಒಂದು ದಿನ ಗೆರೆಯಾಗಿ ಮೇಲೆ ಕಾಣುತ್ತದೆ. ಕೆಳಗಿನ ಚಾಸಿ ತುಕ್ಕು ಹಿಡಿದಿದ್ದರೆ ಧಾರಾಳವಾಗಿ ಕತ್ತರಿಸಿ ವೆಲ್ಡ್ ಮಾಡಿಸಲಿ. ಅದು ರಿಪೇರಿ.

ಬಣ್ಣದ ಕೆಲಸವಂತೂ ನೋಡುವ ಹಾಗಿತ್ತು. ಫೈಬರ್ ಮೈಗೆ ಪೇಂಟ್ ರಿಮೂವರ್ ಸುರಿಯಬಾರದು, ಅದು ಜೆಲ್‌ಕೋಟನ್ನೂ ತಿಂದುಹಾಕುತ್ತದೆ. ಹುಡುಗ ನೀರು ಚಿಮುಕಿಸಿ ಮರಳುಕಾಗದದಲ್ಲಿ ತಾಳ್ಮೆಯಿಂದ ಉಜ್ಜುತ್ತಾ ಕೂತ. ಬಾನೆಟ್ಟಿನ ಅಂಚಲ್ಲಿ ಮೊದಲು ಬಿಳಿ ಹೋಯಿತು, ಅದರ ಕೆಳಗೆ ಯಾರೋ ಬಳಿದ ಮೆರೂನ್, ಅದರ ಕೆಳಗೆ ಬೂದು ಪ್ರೈಮರ್, ಕಡೆಗೆ ತಿಳಿಹಳದಿ. ಆ ಹಳದಿ ಮೇಲೆ ಜೇಡರಬಲೆಯಂಥ ಸಣ್ಣ ಬಿರುಕುಗಳು. "ಚಿಕ್ಕಪ್ಪಾ, ಇದೇ ಫ್ಯಾಕ್ಟರಿ ಬಣ್ಣ ಇರಬೇಕು," ಅಂದ. ಬಾಗಿಲಿನ ಒಳಮಡಿಕೆಯಲ್ಲೂ ಅದೇ ಹಳದಿ ಇತ್ತು. ಆರ್‌ಸಿ ತೆಗೆದು ನೋಡಿದರೆ ಅಲ್ಲೂ ಹಳದಿಯೇ. ಅತ್ತಿಗೆಯ ಕೆಂಪು ಅಲ್ಲಿಗೆ ಮುಗಿಯಿತು. ಕೆಂಪು ಹಚ್ಚಿದರೆ ಆರ್‌ಟಿಓ ಕಚೇರಿಗೆ ಹೋಗಿ ಆರ್‌ಸಿ ತಿದ್ದಿಸಿಕೊಳ್ಳಬೇಕಾಗುತ್ತಿತ್ತು.

ಎಂಜಿನ್ ಬದಲಿಸುವುದು ಅದಕ್ಕಿಂತ ದೊಡ್ಡ ರಗಳೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದಕ್ಕೆ ಅಡ್ಡ ಬರುತ್ತದೆ. ನನ್ನ ವಾದ ಕಾಯ್ದೆಗಿಂತ ಮುಂದಿನದು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ 'ವಿಎ' ಅಕ್ಷರಗಳಿರುವ ವಿಂಟೇಜ್ ನಂಬರು ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿ ಇರಬೇಕು, ಅಷ್ಟೆ. ನಮ್ಮ ಡಾಲ್ಫಿನ್‌ಗೆ 50 ತುಂಬುವುದು 2033ರಲ್ಲಿ. ಇವತ್ತಿನ ತಲೆನೋವು ತಪ್ಪಿಸಿಕೊಳ್ಳಲು ಓಮ್ನಿ ಎಂಜಿನ್ ಕೂರಿಸಿದರೆ ಆ ಬಾಗಿಲು ಮುಚ್ಚಿದಂತೆ. ಹಾಗೆ ನೋಡಿದರೆ ಬಿಡಿಭಾಗವೂ ಮೇಸ್ತ್ರಿ ಹೆದರಿಸುವಷ್ಟು ದುರ್ಲಭವಲ್ಲ. ರಿಲಯಂಟ್ ಇದೇ 848 ಸಿಸಿ ಎಂಜಿನ್ನನ್ನು ತನ್ನ ಮೂರು ಚಕ್ರದ ರಾಬಿನ್‌ಗೂ ಹಾಕುತ್ತಿತ್ತು. ಹಾಗಾಗಿ ಗ್ಯಾಸ್ಕೆಟ್ಟು, ಪಿಸ್ಟನ್ನುಗಳನ್ನು ಇಂಗ್ಲೆಂಡಿನಲ್ಲಿ ಈಗಲೂ ಮಾರುತ್ತಾರೆ.

ಹಾಗಂತ ಏನನ್ನೂ ಮುಟ್ಟಬಾರದೆಂದು ಹಟ ಹಿಡಿಯುವವನು ನಾನಲ್ಲ. ಗಾಡಿ ಓಡಬೇಕು, ಕೂತವರು ಕ್ಷೇಮವಾಗಿರಬೇಕು. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಲಿ. ಅಲ್ಯೂಮಿನಿಯಂ ಹೆಡ್ಡು ಬಿಸಿಯಾದರೆ ಡೊಂಕಾಗುತ್ತದೆ, ರೇಡಿಯೇಟರಿಗೆ ಎಲೆಕ್ಟ್ರಿಕ್ ಫ್ಯಾನ್ ಬೇಕೇ ಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಲಿ. ಸೀಟ್ ಬೆಲ್ಟನ್ನು ಬರೀ ಫೈಬರಿಗೆ ಬೋಲ್ಟು ಮಾಡಿದರೆ ಜಗ್ಗಿದಾಗ ಕಿತ್ತು ಬರುತ್ತದೆ. ಅದರ ಹಿಂದೆ ಉಕ್ಕಿನ ಪ್ಲೇಟು ಕೊಟ್ಟು ಚಾಸಿಗೆ ಸೇರಿಸಬೇಕು. ಈ ಒಂದು ಕೆಲಸಕ್ಕೆ ಎಷ್ಟು ಖರ್ಚಾದರೂ ಹಿಂದೆಮುಂದೆ ನೋಡಬೇಡ ಅಂತ ಹುಡುಗನಿಗೆ ಖಡಾಖಂಡಿತವಾಗಿ ಹೇಳಿದ್ದೇನೆ.

ಲೈಟುಗಳದೂ ಇಂಥದ್ದೇ ಕಥೆ. ತಗಡಿನ ಕಾರಿನಲ್ಲಿ ಬಾಡಿಯೇ ಅರ್ಥಿಂಗು. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲವಾದ್ದರಿಂದ ಒಂದೊಂದು ಬಲ್ಬಿನಿಂದಲೂ ಚಾಸಿಗೆ ಬೇರೆ ವೈರು ಎಳೆದಿರುತ್ತಾರೆ. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಮಿಣಮಿಣ ಅನ್ನುತ್ತಿದ್ದುದಕ್ಕೆ ಹಿಂದಿನ ದೀಪದ ಅರ್ಥ್ ವೈರಿಗೆ ಹಿಡಿದಿದ್ದ ಕಿಲುಬೇ ಕಾರಣ. ಉಜ್ಜಿ ಹೊಸ ಲಗ್ ಹಾಕಿದ್ದೇ ಸರಿಹೋಯಿತು. ಮೇಸ್ತ್ರಿ ಅಲ್ಲಿಂದೀಚೆಗೆ ಓಮ್ನಿ ಸುದ್ದಿ ಎತ್ತಿಲ್ಲ.

ಇನ್ನು ಎ.ಸಿ. ಸುಮಾರು 40 ಅಶ್ವಶಕ್ತಿಯ ಎಂಜಿನ್ನಿಗೆ ಆ ಹೊರೆ ಹೊರಿಸುವುದು ನ್ಯಾಯವಲ್ಲ. ಅಣ್ಣನಿಗೆ ಇದನ್ನು ಹೇಳುವ ಜವಾಬ್ದಾರಿ ಮನೆಯವರೆಲ್ಲ ಸೇರಿ ನನಗೆ ವಹಿಸಿದ್ದಾರೆ. ಭಾನುವಾರ ಊಟಕ್ಕೆ ಬರುತ್ತಾನೆ, ಹೇಳುತ್ತೇನೆ.