ನಲವತ್ತರಲ್ಲೊಂದು ಪಾಲು

ಮುಂಡರಗಿ ತಾಲ್ಲೂಕಿನ ಹಮ್ಮಿಗಿ ತುಂಗಭದ್ರೆಯ ದಂಡೆಯ ಊರು. ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ಇಲ್ಲಿ ನಿರ್ಮಾಣವಾದ ಮೇಲೆ ಊರಿನ ಹೆಸರು ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ನನಗೆ ಅದು ನೆನಪಾಗುವುದು ಬೇರೊಂದು ಕಾರಣದಿಂದ. ಹೊಳೆದಂಡೆಯಲ್ಲಿದ್ದ ನಮ್ಮ ಮನೆತನದ ಹೊಲ ಹಿನ್ನೀರಿಗೆ ಸೇರಿ, ಅದರ ಪರಿಹಾರಧನ ಕೈಗೆ ಬಂದ ವರ್ಷ ನಾನೂ ನನ್ನ ಅಣ್ಣನೂ ಮಾತು ಬಿಟ್ಟೆವು. ಹೊಲವಿದ್ದಷ್ಟು ದಿನ ಬದುವಿಗಾಗಿ ಒಮ್ಮೆಯೂ ಜಗಳವಾಡದವರು, ಹೊಲ ಮುಳುಗಿದ ಮೇಲೆ ಅದರ ಬೆಲೆಗಾಗಿ ಜಗಳಕ್ಕೆ ನಿಂತೆವು. ಆ ದಿನಗಳಲ್ಲಿಯೇ ನಾನು ತರಗತಿಯಲ್ಲಿ ಶ್ರಾವಕರ ಪರಿಗ್ರಹ ಪರಿಮಾಣವ್ರತವನ್ನು ವಿವರಿಸುತ್ತಿದ್ದೆ ಎಂಬುದನ್ನು ನೆನೆದರೆ ಈಗಲೂ ಸಂಕೋಚವಾಗುತ್ತದೆ.

ನಮ್ಮ ಮನೆಗೆ ಗಾದಿ ಹಾಕಿಕೊಡುತ್ತಿದ್ದ ಹಿರಿಯರೊಬ್ಬರಿದ್ದರು. ಪಿಂಜಾರರು. ಅರಳೆ ಹಿಂಜುವ ಬಿಲ್ಲನ್ನು ಹೆಗಲ ಮೇಲಿಟ್ಟುಕೊಂಡು ಊರೂರು ತಿರುಗಿದವರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಪೇಟೆಯಲ್ಲಿ ಸ್ಪಂಜಿನ ಹಾಸಿಗೆಗಳು ಬಂದು ಅವರ ಕಸುಬು ಸೊರಗಿತ್ತು. ಆ ವರ್ಷದ ರಂಜಾನ್ ತಿಂಗಳಲ್ಲಿ ಒಂದು ಸಂಜೆ ಅವರು ಮನೆಗೆ ಬಂದು, ಮಡಿಚಿದ ಒಂದು ಚೀಟಿಯನ್ನು ನನ್ನ ಮುಂದಿಟ್ಟರು. ತಾವು ಕೂಡಿಟ್ಟದ್ದು, ಮಗ ದುಡಿದು ಕೊಟ್ಟದ್ದು ಸೇರಿ 80,000 ರೂಪಾಯಿ. ಮನೆ ಕಟ್ಟಲೆಂದು ತೆಗೆದಿಟ್ಟು ವರ್ಷ ತುಂಬಿತ್ತು.

“ತಮ್ಮಾ, ಇದರಾಗ ನಲವತ್ತಕ್ಕ ಒಂದು ಎಷ್ಟಾಗತೈತಿ, ಬರೋಬ್ಬರಿ ನೋಡು.”

ಚೀಟಿಯ ಕೆಳಗೆ 2,000 ಎಂದು ಅವರೇ ಬರೆದುಕೊಂಡಿದ್ದರು. ಲೆಕ್ಕ ಸರಿಯಿದೆಯಲ್ಲ, ಮತ್ತೇಕೆ ಕೇಳುತ್ತೀರಿ ಎಂದೆ.

“ತಪ್ಪಿದ್ರ ಬಡವರ ಪಾಲು ನಮ್ಮ ಮನ್ಯಾಗ ಉಳಿತೈತಿ. ಇಷ್ಟ ವರ್ಷ ತಗೊಳ್ಳೋ ಸಾಲಿನ್ಯಾಗ ನಿಂತಿದ್ನಿ. ಈ ಸಲ ಕೊಡೋ ಸಾಲಿಗೆ ಬಂದೇನಿ.”

ಹೋಗುವಾಗ ಬಾಗಿಲಲ್ಲಿ ನಿಂತು, “ಹೊಲದ ರೊಕ್ಕ ಬಂತು ಅಂತ ಕೇಳಿದೆ. ಛಲೋ ಆತು. ಅಣ್ಣನ ಕೂಡ ಮಾತಾಡ್ತೀಯಿಲ್ಲೋ?” ಎಂದರು. ನಾನು ಉತ್ತರಿಸಲಿಲ್ಲ.

ಇಸ್ಲಾಮಿನಲ್ಲಿ ಸಂತೃಪ್ತಿಗೆ ‘ಕನಾಅತ್’ ಎಂಬ ಪದವಿದೆ. ಅದನ್ನು ಕುರಿತು ಓದತೊಡಗಿದ್ದು ಆ ಸಂಜೆಯ ನಂತರ. ಸಂತೃಪ್ತಿಯ ಉಪದೇಶದ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅನುಮಾನವಿತ್ತು. ಇದ್ದುದರಲ್ಲಿ ಸಂತೋಷಪಡು ಎಂಬ ಮಾತು ಲೋಕದಲ್ಲಿ ಸಾಮಾನ್ಯವಾಗಿ ಉಳ್ಳವರ ಬಾಯಿಂದ ಹೊರಟು ಇಲ್ಲದವರ ಕಿವಿಗೆ ಬೀಳುತ್ತದೆ. ಇಲ್ಲಿ ಮಾತಿನ ದಿಕ್ಕು ಬೇರೆಯಾಗಿರುವುದನ್ನು ಕಂಡೆ. ಕುರ್‌ಆನಿನ 102ನೆಯ ಅಧ್ಯಾಯವಾದ ‘ತಕಾಸುರ್’ ಎಚ್ಚರಿಸುವುದು ಹೆಚ್ಚಿಸಿಕೊಳ್ಳುವ ಪೈಪೋಟಿಯಲ್ಲಿ ಗೋರಿಯವರೆಗೂ ಮೈಮರೆತವರನ್ನು. 70ನೆಯ ಅಧ್ಯಾಯವು ಉಳ್ಳವರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಗೊತ್ತಾದ ಒಂದು ಹಕ್ಕಿದೆಯೆಂದು ಸಾರುತ್ತದೆ. ಆದ್ದರಿಂದ ಝಕಾತ್ ಎಂಬುದು ದಾನಿಯ ಔದಾರ್ಯವಲ್ಲ, ಪಡೆಯುವವನ ಪಾಲು. ಏಳೂವರೆ ತೊಲೆ ಚಿನ್ನ ಅಥವಾ ಐವತ್ತೆರಡೂವರೆ ತೊಲೆ ಬೆಳ್ಳಿಯ ಮೌಲ್ಯವನ್ನು ಮುಟ್ಟಿದ ಉಳಿತಾಯ ಒಂದು ಚಾಂದ್ರಮಾನ ವರ್ಷ ಉಳಿದರೆ, ಅದರ ನೂರಕ್ಕೆ ಎರಡೂವರೆ ಭಾಗ ಕೊಡತಕ್ಕದ್ದು. ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು 9ನೆಯ ಅಧ್ಯಾಯ ಹೆಸರಿಸುತ್ತದೆ; ಬಡವರೊಂದಿಗೆ ಸಾಲಗಾರರೂ ಅವರಲ್ಲಿ ಸೇರಿದ್ದಾರೆ. ಕಾಕಾ ಹೇಳಿದ ‘ಬಡವರ ಪಾಲು’ ಎಂಬ ಮಾತು ಶಾಸ್ತ್ರಕ್ಕೆ ಅಷ್ಟು ನಿಖರವಾಗಿತ್ತು.

ಹಾಗೆಂದು ಈ ಧರ್ಮ ಗಳಿಕೆಯನ್ನು ಹೀನವೆಂದು ಬಗೆಯಲಿಲ್ಲ. ಪ್ರವಾದಿಯವರೇ ವ್ಯಾಪಾರ ಮಾಡಿದವರು. ಅವರ ಪತ್ನಿ ಖದೀಜಾ ವರ್ತಕ ಮಹಿಳೆ. ಶುಕ್ರವಾರದ ನಮಾಜು ಮುಗಿದೊಡನೆ ಚದುರಿಹೋಗಿ ದೇವರ ಅನುಗ್ರಹವನ್ನು ಅರಸಿರೆಂಬ ಆದೇಶ 62ನೆಯ ಅಧ್ಯಾಯದಲ್ಲಿದೆ. ಈ ಎರಡು ಎಳೆಗಳೂ ಕೂಡುವುದು ಅಬ್ದುರ್ರಹ್ಮಾನ್ ಇಬ್ನ್ ಔಫ್ ಅವರ ಜೀವನದಲ್ಲಿ. ಮಕ್ಕೆಯಿಂದ ಬರಿಗೈಯಲ್ಲಿ ಮದೀನೆಗೆ ಬಂದ ಅವರಿಗೆ, ಧರ್ಮಭ್ರಾತೃವಾದ ಸಅದ್ ತಮ್ಮ ಆಸ್ತಿಯ ಅರ್ಧವನ್ನೇ ಕೊಡಲು ಮುಂದಾದರು. ಅವರು ಹರಸಿ, ಆಸ್ತಿಯನ್ನು ಒಲ್ಲೆನೆಂದು, ಪೇಟೆಯ ದಾರಿಯನ್ನಷ್ಟೇ ಕೇಳಿದರು. ತುಪ್ಪ, ಗಿಣ್ಣುಗಳ ಸಣ್ಣ ವ್ಯಾಪಾರದಿಂದ ಆರಂಭಿಸಿ ಮದೀನೆಯ ದೊಡ್ಡ ಶ್ರೀಮಂತರಲ್ಲೊಬ್ಬರಾದರು. ಆದರೆ ಒಂದು ದಿನ ಉಪವಾಸ ಬಿಡುವ ಹೊತ್ತಿನಲ್ಲಿ ಊಟ ಮುಂದೆ ಬಂದಾಗ ಅವರಿಗೆ ಉಹುದ್ ಯುದ್ಧದಲ್ಲಿ ಮಡಿದ ಮುಸ್‌ಅಬ್ ನೆನಪಾದರು. ಮುಸ್‌ಅಬ್‌ಗೆ ಹೊದಿಸಲು ಸಿಕ್ಕದ್ದು ಒಂದೇ ತುಂಡು ಬಟ್ಟೆ. ತಲೆ ಮುಚ್ಚಿದರೆ ಕಾಲು, ಕಾಲು ಮುಚ್ಚಿದರೆ ತಲೆ ಹೊರಗುಳಿಯುತ್ತಿತ್ತು. ಅಬ್ದುರ್ರಹ್ಮಾನ್ ಅತ್ತರು, ಊಟ ಮುಟ್ಟಲಿಲ್ಲ. ನಿಜವಾದ ಸಿರಿವಂತಿಕೆ ವಸ್ತುಗಳ ರಾಶಿಯಲ್ಲ, ಮನಸ್ಸಿನದು ಎಂಬ ಆಶಯದ ಹದೀಸಿಗೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನ ನನಗೆ ದೊರೆತಿಲ್ಲ.

ಎಲ್ಲವನ್ನೂ ಬಿಟ್ಟು ನಡೆಯುವ ದಾರಿಯೂ ಇದೆ. ನಮ್ಮ ಸೀಮೆಯ ಶಿಶುನಾಳ ಶರೀಫರು (1819–1889) ಕೆಲಕಾಲ ಮಾಡಿದ ಶಾಲಾಶಿಕ್ಷಕರ ಕೆಲಸವನ್ನು ತೊರೆದು, ಕಳಸದ ಗುರು ಗೋವಿಂದಭಟ್ಟರ ಶಿಷ್ಯರಾಗಿ ಬಾಳಿದರು. ಆದರೆ ಅದು ಕೆಲವರ ದಾರಿ. ಜೈನಧರ್ಮವೂ ಈ ಭೇದವನ್ನು ಅರಿತು ಮುನಿಗೆ ಮಹಾವ್ರತವನ್ನು, ಗೃಹಸ್ಥನಿಗೆ ಅಣುವ್ರತವನ್ನು ವಿಧಿಸಿದೆ. ವರ್ತಕರಲ್ಲಿ ಬೆಳೆದ ಈ ಎರಡು ಧರ್ಮಗಳೂ ಗೃಹಸ್ಥನ ತೃಪ್ತಿಯನ್ನು ಅವನ ಮನೋಭಾವಕ್ಕೇ ಬಿಟ್ಟುಕೊಡದೆ ಅಳತೆಗೆ ಒಳಪಡಿಸಿದವು. ಒಂದು, ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾರೆನೆಂದು ಮೊದಲೇ ಮಿತಿ ಹಾಕಿಸಿತು. ಇನ್ನೊಂದು, ಇಟ್ಟುಕೊಂಡುದರಲ್ಲಿ ಪರರ ಪಾಲನ್ನು ಗುರುತಿಸಿತು. ಗದ್ಯಾಣಗಳನ್ನು ಟಂಕಿಸಿದ ಲೊಕ್ಕಿಗುಂಡಿಯಲ್ಲಿಯೇ ಅತ್ತಿಮಬ್ಬೆ 1007ರಲ್ಲಿ ಜಿನಾಲಯ ಕಟ್ಟಿಸಿ ದಾನಚಿಂತಾಮಣಿಯೆನಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕೆನಿಸುತ್ತದೆ. ಸಂಪತ್ತು ಹುಟ್ಟುವ ಸ್ಥಳದಲ್ಲಿಯೇ ಅದರ ಅಳತೆಗೋಲೂ ಬೇಕು.

ರಂಜಾನ್ ಹಬ್ಬದ ಮರುದಿನ ಅಣ್ಣನ ಮನೆಗೆ ಹೋದೆ. ಕೆಲವು ದಿನಗಳಲ್ಲಿ, ಅವನು ಹೇಳಿದ ಹಂಚಿಕೆಗೇ ಸಹಿ ಹಾಕಿದೆ. ಇದನ್ನು ತ್ಯಾಗವೆನ್ನಲಾರೆ. ಅವನ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಇದ್ದ ಅಂತರವನ್ನು ಆ ದಿನ ಕೂಡಿಸಿ ನೋಡಿದಾಗ, ನನ್ನ ಪಾಲಿನ ನಲವತ್ತರಲ್ಲೊಂದಕ್ಕಿಂತಲೂ ಅದು ಕಡಿಮೆಯಿತ್ತು.