ಪೆಟ್ಟಿಗೆಯಲ್ಲಿರುವ ಹವಳ

ಮಕ್ಕಳೇ, ನನ್ನ ವಿಜ್ಞಾನದ ಪೆಟ್ಟಿಗೆಯಲ್ಲಿ ಒಂದು ಬಿಳಿ ಹವಳದ ತುಂಡಿದೆ. 1998ರ ಕಾಲೇಜು ಪ್ರವಾಸದಲ್ಲಿ ಕಡಲ ತೀರದ ಅಂಗಡಿಯಿಂದ ಕೊಂಡದ್ದು. ಒಮ್ಮೆ ಆರನೇ ತರಗತಿಯ ಹುಡುಗಿಯೊಬ್ಬಳು, "ಇದು ಕಲ್ಲಾ ಸಾರ್?" ಎಂದಳು.

"ಅಲ್ಲಮ್ಮ, ಪ್ರಾಣಿಗಳು ಕಟ್ಟಿದ ಮನೆ."

"ಹಾಗಾದರೆ ಅವು ಎಲ್ಲಿ ಹೋದವು?"

ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ಮಾರಲೆಂದು ಕಿತ್ತಾಗಲೇ ಅವು ಸತ್ತಿದ್ದವು.

ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು ಸುಣ್ಣ ಸ್ರವಿಸಿ ಹವಳದ ದಿಬ್ಬಗಳನ್ನು ಕಟ್ಟುತ್ತವೆ. ಅವುಗಳ ದೇಹದೊಳಗೆ ವಾಸಿಸುವ ಪಾಚಿ, ಬಿಸಿಲಿನಲ್ಲಿ ಆಹಾರ ತಯಾರಿಸಿ ಅವುಗಳಿಗೂ ಕೊಡುತ್ತದೆ. ಹವಳದ ಬಣ್ಣವೂ ಬಹುಮಟ್ಟಿಗೆ ಪಾಚಿಯದೇ. ಈ ದಿಬ್ಬಗಳು ಮೀನುಗಳಿಗೆ ಆಸರೆ. ಹವಳದಿಂದಲೇ ಆದ ಲಕ್ಷದ್ವೀಪಕ್ಕೆ ಅಲೆಗಳನ್ನು ತಡೆಯುವ ಗೋಡೆ.

ಕಲ್ಲಿದ್ದಲು, ಪೆಟ್ರೋಲ್ ಉರಿಸಿ ನಾವು ಭೂಮಿಯನ್ನು ಬಿಸಿ ಮಾಡುತ್ತಿದ್ದೇವೆ. ಕಡಲ ನೀರು ಒಂದೆರಡು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ, ಪಾಲಿಪ್‌ಗಳು ಪಾಚಿಯನ್ನು ಹೊರಹಾಕುತ್ತವೆ. ಹವಳ ಬೆಳ್ಳಗಾಗುತ್ತದೆ. ನೀರು ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹವಳಗಳು ಹೀಗೆ ಬೆಳ್ಳಗಾದವು.

ದಿಬ್ಬ ಕಟ್ಟುವ ಹವಳಕ್ಕೆ 2001ರಿಂದ ಹುಲಿಗಿರುವಂತೆಯೇ ಕಾನೂನಿನ ರಕ್ಷಣೆಯಿದೆ. ಕೀಳುವುದು, ಮಾರುವುದು ಅಪರಾಧ. ಕಡಲ ತೀರದಲ್ಲಿ ಯಾರಾದರೂ ಬಿಳಿ ಹವಳ ತೋರಿಸಿ "ಬೇಕಾ?" ಎಂದರೆ, ನೀವೂ ಆ ಹುಡುಗಿಯ ಪ್ರಶ್ನೆಯನ್ನೇ ಕೇಳಿ.