ಆರನೇ ಹೆಜ್ಜೆ

ನಮ್ಮದು ಮೈಸೂರಿನ ಸಣ್ಣ ಹವ್ಯಾಸಿ ತಂಡ. ಹದಿನಾಲ್ಕು ಜನ, ಒಂದು ಹಾರ್ಮೋನಿಯಂ, ಯಾರದೋ ಮನೆಯ ಅಟ್ಟದಲ್ಲಿ ಮೂರು ಟ್ರಂಕು ವೇಷಭೂಷಣ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ಆಡೋಣ ಎಂದಾಗ ಏಕಲವ್ಯನ ತಾಯಿಯ ಪಾತ್ರಕ್ಕೆ ಕಣ್ಣು ಕಾಣದ ಸಂಗೀತ ಶಿಕ್ಷಕಿಯೊಬ್ಬರನ್ನು ಕರೆತಂದವನು ನಾನೇ. ಮಗನ ಕೈ ತಡವಿ ಹೆಬ್ಬೆರಳಿಲ್ಲವೆಂದು ತಿಳಿಯುವ ತಾಯಿ. ಆ ದೃಶ್ಯ ಬೆರಳಲ್ಲೇ ನಡೆಯಬೇಕು ಎಂಬುದು ನನ್ನ ಲೆಕ್ಕ. ಹೆಮ್ಮೆಯೂ ಸ್ವಲ್ಪ ಜಾಸ್ತಿಯೇ ಇತ್ತು. ಧನಸಹಾಯದ ಅರ್ಜಿಯಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅದು ಹೇಳುವ 21 ಬಗೆಯ ವೈಕಲ್ಯ ಎಲ್ಲವನ್ನೂ ಬರೆದಿದ್ದೆ. ಬ್ಯಾನರಿನಲ್ಲಿ ‘ಎಲ್ಲರ ರಂಗಭೂಮಿ’ ಎಂದು ದಪ್ಪಕ್ಷರ.

ಟೀಚರ್ (ತಂಡದವರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ) ಮೊದಲ ವಾರದಲ್ಲೇ ನಮ್ಮನ್ನು ನಾಚಿಸಿದರು. ಮಾತುಗಳನ್ನು ಯಾರಿಂದಲೋ ಓದಿಸಿಕೊಂಡು, ಬ್ರೈಲ್ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಕ್ಕಿ ಚುಚ್ಚಿ ತಮ್ಮ ಪ್ರತಿ ತಾವೇ ಮಾಡಿಕೊಂಡರು. ಹಾಳೆ ಮಗುಚಿದರೆ ಎಡದಿಂದ ಬಲಕ್ಕೆ ಓದಬಹುದು. ಆ ಹಳಗನ್ನಡದ ಬಿಗಿಯಲ್ಲಿ ನಾವಿನ್ನೂ ಮುಗ್ಗರಿಸುತ್ತಿದ್ದರೆ ಅವರ ಬೆರಳು ಸರಾಗ ಓಡುತ್ತಿತ್ತು. ರಂಗದ ಅಂಚು ಕಾಲಿಗೆ ತಿಳಿಯಲೆಂದು ಜಮಖಾನದಡಿ ತೆಂಗಿನ ನಾರಿನ ಹಗ್ಗ ಹಾಸಿದೆವು. ವಿಂಗ್‌ನಿಂದ ಏಕಲವ್ಯ ಕೂತಿರುವ ಲೆವೆಲ್ಲಿಗೆ, ಅಂದರೆ ಹಲಗೆಯ ಎತ್ತರದ ಕಟ್ಟೆಗೆ, ಎಂಟು ಹೆಜ್ಜೆ.

ಪ್ರದರ್ಶನದ ಸಂಜೆ ಬೆಳಕಿನ ಹುಡುಗ, “ಸ್ಪಾಟ್ ಸರಿಯಾಗಿ ಬೀಳ್ತಿಲ್ಲ ಸರ್” ಅಂದ. ಲೆವೆಲ್ಲನ್ನು ಮೂರಡಿ ವಿಂಗ್ ಕಡೆಗೆ ಎಳೆಸಿದೆ. ಎಲ್ಲರನ್ನೂ ಕರೆದು ಕೈ ತೋರಿಸಿ, “ಅಲ್ಲಿಂದ ಇಲ್ಲಿಗೆ ತಂದಿದೀವಿ, ನೋಡ್ಕೊಂಡು ನಡೀರಿ” ಅಂದೆ. ಎಲ್ಲರೂ ತಲೆಯಾಡಿಸಿದರು. ಟೀಚರ್ ಕೂಡ.

ಆರನೇ ಹೆಜ್ಜೆಗೆ ಅವರ ಕಾಲಿನ ಮೂಳೆ ಹಲಗೆಯ ಅಂಚಿಗೆ ಬಡಿಯಿತು. ಸದ್ದು ವಿಂಗ್‌ನಲ್ಲಿದ್ದ ನನಗೂ ಕೇಳಿಸಿತು. ಮಂಡಿಯೂರಿ ಬಿದ್ದರು, ಎರಡೂ ಕೈ ಲೆವೆಲ್ಲಿನ ಮೇಲೆ. ಬಿದ್ದಲ್ಲಿಂದಲೇ ಮಾತು ಎತ್ತಿಕೊಂಡರು, ಒಂದಕ್ಷರ ತಪ್ಪಲಿಲ್ಲ. ಸಭೆಯಲ್ಲಿ ಕೆಮ್ಮೂ ಇಲ್ಲ. ಆಮೇಲೆ ಚಪ್ಪಾಳೆ.

ನಾಟಕ ಮುಗಿದ ಮೇಲೆ ಹಿರಿಯರೊಬ್ಬರು ಕೈ ಕುಲುಕಿ, “ತಾಯಿ ಕುಸಿಯೋದನ್ನ ಚೆನ್ನಾಗಿ ಕಟ್ಟಿದೀಯಪ್ಪ” ಅಂದರು. ನಾನು ನಕ್ಕೆ. ಅಲ್ಲ ಅನ್ನಲಿಲ್ಲ. ಲೆವೆಲ್ಲಿನ ವಿಷಯ ಮರೆವು ಎಂದಾದರೂ ಹೇಳಿಕೊಂಡೇನು, ಈ ನಗುವಿಗೆ ನನ್ನಲ್ಲಿ ಯಾವ ನೆಪವೂ ಇಲ್ಲ.

ಗ್ರೀನ್ ರೂಮಿನಲ್ಲಿ ಟೀಚರ್ ತಣ್ಣೀರಿನ ಬಾಟಲಿಯನ್ನು ಕಾಲಿಗೆ ಒತ್ತಿಕೊಂಡು ಕೂತಿದ್ದರು. ಸೀರೆಯ ಅಂಚಿನಲ್ಲಿ ರಕ್ತ.

“ಏನೋ ಎಳೆದದ್ದು ಸದ್ದಿಗೇ ಗೊತ್ತಾಯ್ತು ಸರ್. ಅಲ್ಲಿಂದ ಇಲ್ಲಿಗೆ ಅಂದ್ರಿ. ಎಲ್ಲಿಂದ ಎಲ್ಲಿಗೆ ಅಂತ ಕೇಳ್ಬೇಕಿತ್ತು. ಎಲ್ಲರೂ ಅವಸರದಲ್ಲಿದ್ರಿ, ನನ್ನೊಬ್ಬಳಿಗೋಸ್ಕರ ಯಾಕೆ ನಿಲ್ಸೋದು ಅನ್ನಿಸ್ತು.”

ಎರಡು ತಿಂಗಳು ಒಟ್ಟಿಗೆ ತಾಲೀಮು ಮಾಡಿಯೂ ಅವರಿಗೆ ಹಾಗನ್ನಿಸಿತ್ತು. ಬ್ಯಾನರನ್ನು ಆ ರಾತ್ರಿ ನಾನೇ ಬಿಚ್ಚಿ ಸುತ್ತಿದೆ.

ಮುಂದಿನ ಪ್ರದರ್ಶನ ನಂಜನಗೂಡಿನಲ್ಲಿ. ಮಧ್ಯಾಹ್ನವೇ ಹೋಗಿ ಲೆವೆಲ್ ಇಡಿಸಿ, ವಿಂಗ್‌ನಿಂದ ಜೋರಾಗಿ ಎಣಿಸುತ್ತ ನಡೆದು, “ಐದು ಹೆಜ್ಜೆ ಟೀಚರ್” ಅಂದೆ. ಅವರು ಚಪ್ಪಲಿ ಕಳಚಿದರು.

“ಅದು ನಿಮ್ಮ ಹೆಜ್ಜೆ ಸರ್” ಎಂದು, ವಿಂಗ್‌ನ ಪರದೆ ಮುಟ್ಟಿ ನಿಂತು, ಒಂದರಿಂದ ಎಣಿಸತೊಡಗಿದರು.